ಅರಕಲಗೂಡಿನ ಎಳೆಗೆ ಹತ್ತಿದ ಕುಂಕುಮ

ಇವತ್ತು ಬೆಳಿಗ್ಗೆ ಕನ್ನಡಕ ಒರೆಸಲೆಂದು ಹೆಂಡತಿ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ಹಾಸನದ ಮನೆಯಲ್ಲಿ ಕೂತಿದ್ದ ನಾನು ಹೊಳೆನರಸೀಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಿಂತಿದ್ದೆ. ವಾಸನೆಗೆ ಬಸ್ಸು ಬೇಡ ನೋಡಿ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಅಲ್ಲಿ ಹೊಸ ಆಫೀಸರು. ಪುರೋಹಿತರ ಮನೆತನ, ಕೈಯಲ್ಲಿ ಡಿಪ್ಲೊಮಾ, ತಲೆಯಲ್ಲಿ ಅದಕ್ಕಿಂತ ದೊಡ್ಡ ಗತ್ತು. ಟೆಕ್ನಿಷಿಯನ್ ನಿಂಗೇಗೌಡರು ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಆಗತಾನೇ ಆಪ್ಟಿಕಲ್ ಫೈಬರ್ ಬಂದಿತ್ತು. ಕೂದಲೆಳೆಯಂಥ ಗಾಜಿನೊಳಗೆ ಅರಕಲಗೂಡಿನ ಮಾತೆಲ್ಲ ಬೆಳಕಾಗಿ ಓಡುತ್ತಿತ್ತು. ಲೈನು ಕೆಟ್ಟರೆ ನನಗೆ ಯಂತ್ರದೊಳಗಿನ ಸರ್ಕ್ಯೂಟ್ ಕಾರ್ಡನ್ನೇ ಬದಲಾಯಿಸುವ ಚಪಲ. ಹಳೆಯದನ್ನು ಎಳೆ, ಹೊಸದನ್ನು ತುರುಕು, ಮುಗೀತು. ಗೌಡರು ಬಿಡುತ್ತಿರಲಿಲ್ಲ.

"ತಡೀರಿ ಸಾ. ಮೊದ್ಲು ತುದಿ ಒರ್ಸಾನ. ಕಣ್ಣಿಗೆ ಕಸ ಬಿದ್ರೆ ಕಣ್ಣೇ ಕೀಳ್ತಾರಾ?"

ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿ, ಉಸಿರು ಬಿಗಿಹಿಡಿದು ಒರೆಸುತ್ತಿದ್ದರು. ನೂರಕ್ಕೆ ತೊಂಬತ್ತು ಸಲ ಅಷ್ಟಕ್ಕೇ ಲೈನು ಸರಿಹೋಗುತ್ತಿತ್ತು. ನನಗೆ ಒಳಗೊಳಗೇ ಉರಿ.

ಆಯುಧ ಪೂಜೆಯ ಹಿಂದಿನ ದಿನ ಗೌಡರು ಎಳೆಗಳ ತುದಿಯ ಒಂದೊಂದು ಕನೆಕ್ಟರನ್ನೂ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದ್ದರು. ಪೂಜೆಗೆ ನಾನೇ ಪುರೋಹಿತ. ಕಪಾಟಿನಂಥ ಆ ಯಂತ್ರಗಳಿಗೆಲ್ಲ ಗಂಧ, ಕುಂಕುಮ ಹಚ್ಚಿದೆ. ಮಂಗಳಾರತಿಗೆ ಬಂದಿದ್ದ ಹೆಂಡತಿ, "ಬೆಳಕಲ್ಲಿ ಮಾತು ಹೋಗೋದು ಅಂದ್ರೆ ಹೇಗ್ರೀ?" ಎಂದಳು. ಮದುವೆಯಾಗಿ ವರ್ಷವಾಗಿರಲಿಲ್ಲ, ಜಂಬ ಕೊಚ್ಚದೆ ಇರಲಾದೀತೆ? ಹಬ್ಬದ ದಿನ ಅರಕಲಗೂಡಿಗೆ ಯಾರು ಫೋನ್ ಮಾಡುತ್ತಾರೆ ಎಂದುಕೊಂಡು ಆ ಊರಿನ ಎಳೆಯನ್ನು ಕಳಚಿ ತೋರಿಸಿ, ಮತ್ತೆ ಸಿಕ್ಕಿಸಿದೆ. ಕೈ ತೊಳೆದಿರಲಿಲ್ಲ.

ಮಾರನೇ ದಿನ ಅರಕಲಗೂಡಿಗೆ ಫೋನೇ ಹೋಗಲಿಲ್ಲ. ಗೌಡರಿಗೆ ರಜೆ. ಒಂದು ಕಾರ್ಡ್ ಬದಲಾಯಿಸಿದೆ. ಹಾಸನದಿಂದ ಜೀಪಿನಲ್ಲಿ ಇನ್ನೊಂದು ತರಿಸಿ ಅದನ್ನೂ ಹಾಕಿದೆ. ಊಹೂಂ. ಮೇಲಧಿಕಾರಿಗಳು ಫೋನಿನಲ್ಲೇ ಗದರಿದರು: "ಕೊನೇಲಿ ಕೈ ಹಾಕಿದ್ದು ಯಾರ್ರೀ?"

"ನಿಂಗೇಗೌಡ, ಸಾರ್."

ಅಷ್ಟು ಸಲೀಸಾಗಿ ಬಂತು. ಆಮೇಲೆ ಕಪಾಟಿನಲ್ಲಿದ್ದ ಪುಟ್ಟ ಸೂಕ್ಷ್ಮದರ್ಶಕ ಹಿಡಿದು ನೋಡುತ್ತೇನೆ, ಎಳೆಯ ತುದಿಯಲ್ಲಿ ಕೆಂಪು ಕಣ. ನನ್ನ ಬೆರಳಿನ ಕುಂಕುಮ. ಒರೆಸಿ ಹತ್ತಿಯನ್ನು ಬುಟ್ಟಿಗೆ ಹಾಕಿದೆ; ಲೈನು ಬಂತು. ರಿಜಿಸ್ಟರಿನಲ್ಲಿ "ಕನೆಕ್ಟರ್ ಕೊಳೆಯಾಗಿತ್ತು, ಒರೆಸಲಾಯಿತು" ಎಂದು ಬರೆದೆ. ಸುಳ್ಳಲ್ಲ. ಯಾರ ಕೊಳೆ ಎಂದು ಬರೆಯಲಿಲ್ಲ, ಅಷ್ಟೆ.

ಗೌಡರಿಗೆ ಮೆಮೊ ಬಂತು, ಹಿಂದೆಯೇ ಚನ್ನರಾಯಪಟ್ಟಣಕ್ಕೆ ವರ್ಗ. ಹೊರಡುವ ದಿನ ಸ್ಪಿರಿಟ್ ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟು, "ನಾನು ಚೆನ್ನಾಗೇ ಒರ್ಸಿದ್ದೆ ಸಾ" ಎಂದರು. ನಾನು ಫೈಲಿನಿಂದ ತಲೆ ಎತ್ತಲಿಲ್ಲ. ಹೇಡಿ, ಇನ್ನೇನು.

ಇವತ್ತು ಆ ವಾಸನೆ ಸುಮ್ಮನಿರಗೊಡಲಿಲ್ಲ. ಹಳೆಯ ಸಹೋದ್ಯೋಗಿಯೊಬ್ಬರಿಂದ ಗೌಡರ ನಂಬರು ಪಡೆದು ಫೋನ್ ಮಾಡಿದೆ. ಹೆಸರು ಹೇಳಿದೆ. ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಗೌಡ್ರೇ, ಅವತ್ತು ತುದೀಲಿದ್ದದ್ದು ಕುಂಕುಮ. ನನ್ನ ಕೈಯಿಂದ ಹತ್ತಿದ್ದು. ತಪ್ಪಾಯ್ತು."

"ಗೊತ್ತಿತ್ತು ಸಾ. ರಜೆ ಮುಗ್ಸಿ ಬಂದಾಗ ಬುಟ್ಟೀಲಿ ಕೆಂಪಾದ ಅತ್ತಿ ನೋಡಿದ್ದೆ. ನೀವೇ ಏಳ್ತೀರಿ ಅಂತ ಕಾದೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ. ಆಮೇಲೆ ಅವರೇ ಅಂದರು:

"ನಮ್ಮವ್ಳು ಇದ್ದಾಗ ಏಳಿದ್ರೆ ಚೆನ್ನಾಗಿತ್ತು. 'ನೀನು ನೆಟ್ಟಗೆ ಒರ್ಸಿದ್ರೆ ನಮಗ್ಯಾಕೆ ಊರು ಬಿಡೋ ಗತಿ ಬರ್ತಿತ್ತು' ಅಂತ ಸಾಯೋಗಂಟ ನಂಗೆ ಅಂತಿದ್ಲು. ನಾನೇಳಿದ್ನ ಅವ್ಳು ನಂಬ್ಲೇ ಇಲ್ಲ ಸಾ."

ಲೈನು ಬಹಳ ಸ್ವಚ್ಛವಾಗಿತ್ತು. ಒಂದಕ್ಷರವೂ ತಪ್ಪದೆ ಕೇಳಿಸಿತು.