ಕದಿರತ್ತೆಯ ಮ್ಯಾಗ್ನೆಟ್ಟು

ನಮ್ಮಪ್ಪನ ಅಕ್ಕ ಕದಿರಮ್ಮ ಬೂದಿಕೋಟೆ ಸುತ್ತಲ ಹಳ್ಳಿಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಸ್ಟೀಲ್ ಪಾತ್ರೆ ಮಾರುತ್ತಿದ್ದವಳು. ರಾಬರ್ಟ್‌ಸನ್‌ಪೇಟೆಯಿಂದ ಪಾತ್ರೆ ತಂದು ಹಳೇ ಸೀರೆ, ಪಂಚೆಗಳಿಗೆ ಬದಲು ಕೊಡುತ್ತಿದ್ದಳು. ಅವಳ ಬಾಯಿಗೆ ಹೆದರದ ನಾಯಿ ಆ ಕಡೆ ಇರಲಿಲ್ಲ. ನನಗಂತೂ ಕದಿರತ್ತೆ ಅಂದರೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತ ಅಂತ ಯಾರೂ ಮೂತಿ ತಿರುವಬಾರದು.

ಅವಳ ಸೆರಗಿನ ಗಂಟಿನಲ್ಲಿ ಕೆಟ್ಟ ರೇಡಿಯೋದಿಂದ ಕಿತ್ತ ಮ್ಯಾಗ್ನೆಟ್ಟಿನ ತುಂಡೊಂದು ಸದಾ ಇರುತ್ತಿತ್ತು. ಚೊಂಬಿನ ಹೊಟ್ಟೆಗೆ ಅದನ್ನಿಟ್ಟು ಕೈ ಬಿಟ್ಟರೆ ಜಾರಿ ಬೀಳುವುದು. ಕಬ್ಬಿಣವಾದರೆ ಹಿಡಿಯುತ್ತೆ, ಒಳ್ಳೇ ಸ್ಟೀಲಾದರೆ ಬಿಡುತ್ತೆ, ಅಷ್ಟೇ ಅವಳ ಶಾಸ್ತ್ರ. ಹುಳಿ, ಮಜ್ಜಿಗೆ, ಉಪ್ಪಿನಕಾಯಿ ಏನಿಟ್ಟರೂ ಕಿಲುಬು ಕಟ್ಟದ, ಕಲಾಯಿ ಕೇಳದ ಪಾತ್ರೆ ಅಂದರೆ ಹಿತ್ತಾಳೆ ಉಜ್ಜಿ ಕೈ ಸವೆಸಿಕೊಂಡ ಹೆಂಗಸರು ಬಿಡುತ್ತಾರೆಯೇ? ಮುಗಿಬೀಳುತ್ತಿದ್ದರು.

ಎಂಬತ್ತನಾಲ್ಕರಲ್ಲಿ ನನ್ನನ್ನು ಬಂಗಾರಪೇಟೆಗೆ ಕೊಟ್ಟರು. ಕದಿರತ್ತೆ ಇಪ್ಪತ್ತೊಂದು ಪಾತ್ರೆ ಕೊಟ್ಟಳು, ಒಂದೊಂದರ ಮೇಲೂ ನನ್ನ ಹೆಸರು ಕೊರೆಸಿ. ನನ್ನನ್ನು ಮನೆ ತುಂಬಿಸಿಕೊಂಡ ದಿನ ಬೀದಿಯವರೆಲ್ಲ ನೋಡಲಿ ಅಂತ ಅವನ್ನು ನಡುಮನೆಯಲ್ಲಿ ಜೋಡಿಸಿದ್ದರು. ನಮ್ಮ ಯಜಮಾನರ ದೊಡ್ಡಮ್ಮ ಮುನಿನಾರಾಯಣಮ್ಮ ಒಂದು ಕೊಳಗ ಎತ್ತಿ, ಇದೇನು ಒಳ್ಳೇ ಸ್ಟೀಲೋ ಹೇಗೋ ಅಂತ ರಾಗ ಎಳೆದರು. ಅತ್ತೆ ಸುಮ್ಮನಿರಬಾರದಿತ್ತೇ! ಗಂಟು ಬಿಚ್ಚಿ ಮ್ಯಾಗ್ನೆಟ್ಟನ್ನು ಅವರ ಕೈಗೇ ಕೊಟ್ಟಳು. ದೊಡ್ಡಮ್ಮ ಅದನ್ನು ಕೊಳಗದ ಹೊಟ್ಟೆಗಿಡಲಿಲ್ಲ, ಮಡಿಸಿದ ಅಂಚಿಗೆ ಇಟ್ಟರು. ಅಲ್ಲಿ ಅದು ಹಿಡಿದುಕೊಂಡಿತು.

“ತಮ್ಮನ ಮಗಳಿಗೇ ಟೋಪಿ ಆಕವ್ಳೆ ನೋಡ್ರಮ್ಮ,” ಅಂದರು ದೊಡ್ಡಮ್ಮ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ರಾಬರ್ಟ್‌ಸನ್‌ಪೇಟೆಯ ಅಂಗಡಿಯವನು ತನಗೇ ಮೋಸ ಮಾಡಿದನೇನೋ ಅಂತ ಅತ್ತೆಗೂ ಅನುಮಾನ. ಎಂಟು ದಿನ ಟೈಮು ಕೊಡಿ, ಇದು ಕಬ್ಬಿಣವೇ ಆದರೆ ಈ ಜನ್ಮದಲ್ಲಿ ಮತ್ತೆ ಬುಟ್ಟಿ ಹೊರುವುದಿಲ್ಲ ಅಂತ ಎಲ್ಲರೆದುರು ಆಣೆ ಮಾಡಿ, ಆ ಕೊಳಗ ಎತ್ತಿಕೊಂಡು ಹೊರಟಳು.

ನೇರ ಹೋದದ್ದು ಚಾಂಪಿಯನ್ ರೀಫ್ಸಿಗೆ, ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದ ಕುಪ್ಪುಸ್ವಾಮಿಯ ಮನೆಗೆ. ಅವನ ಹೆಂಡತಿ ಅತ್ತೆಯ ಹಳೇ ಗಿರಾಕಿ. ಕುಪ್ಪುಸ್ವಾಮಿ ಕತೆಯನ್ನೆಲ್ಲ ಕೇಳಿ ನಕ್ಕನಂತೆ. ಅಂಥದ್ದೇ ಸ್ಟೀಲಿನ ಒಂದು ಪಟ್ಟಿ ತಂದ. ಮ್ಯಾಗ್ನೆಟ್ ಅದಕ್ಕೆ ಹಿಡಿಯಲಿಲ್ಲ. ಅದನ್ನೇ ಹತ್ತು ಸಲ ಆಚೆ ಈಚೆ ಬಗ್ಗಿಸಿ, ಸುತ್ತಿಗೆಯಿಂದ ಬಡಿದು, ಮತ್ತೆ ಇಟ್ಟ. ಬಗ್ಗಿಸಿದ ಜಾಗದಲ್ಲಿ ಮಾತ್ರ ಮೆಲ್ಲಗೆ ಹಿಡಿಯಿತು.

“ಒಳ್ಳೇ ಮಾಲೇ ಅಕ್ಕಾ, ಮುನ್ನೂರ ನಾಲ್ಕನೇ ನಂಬರು ಸ್ಟೀಲು. ಮಡಿಸಿದ ಕಡೆ ಅದಕ್ಕೆ ನೋವಾಗ್ತದೆ, ಅಲ್ಲಿ ಮಾತ್ರ ಸ್ವಲ್ಪ ಗುಣ ಬದಲಾಗ್ತದೆ,” ಅಂದನಂತೆ. ಅದರಲ್ಲಿರುವ ನಿಕ್ಕಲ್ಲು ಮ್ಯಾಗ್ನೆಟ್ಟನ್ನು ದೂರ ಇಡುತ್ತದೆ, ಕ್ರೋಮಿಯಂ ತುಕ್ಕನ್ನು ದೂರ ಇಡುತ್ತದೆ. ಅಂಚಿನಲ್ಲಿ ಹಿಡಿದ ಮಾತ್ರಕ್ಕೆ ತುಕ್ಕು ಬರುವುದಿಲ್ಲ ಅಂತ ಧೈರ್ಯ ಹೇಳಿ, ಎರಡು ಪಟ್ಟಿ ಕೊಟ್ಟು ಕಳಿಸಿದ.

ಮೂರನೇ ದಿನಕ್ಕೇ ಅತ್ತೆ ನಮ್ಮ ಬಾಗಿಲಲ್ಲಿ. ಪಟ್ಟಿಯನ್ನು ದೊಡ್ಡಮ್ಮನ ಕೈಯಿಂದಲೇ ಬಗ್ಗಿಸಿ, ಗುಂಡುಕಲ್ಲಿನಿಂದ ಅವರಿಂದಲೇ ಜಜ್ಜಿಸಿದಳು. ಮೊದಲು ಜಾರಿ ಬಿದ್ದಿದ್ದ ಮ್ಯಾಗ್ನೆಟ್ ಈಗ ಬಗ್ಗಿದ ಕಡೆ ಹಿಡಿಯಿತು. ದೊಡ್ಡಮ್ಮ ನಂಬದೆ ಎರಡನೇ ಪಟ್ಟಿಯನ್ನೂ ಜಜ್ಜಿದರು. ನಮ್ಮ ಯಜಮಾನರ ಅಪ್ಪ ಹುರುಪಿನಲ್ಲಿ ನನ್ನ ಹೊಸ ಸೌಟನ್ನೇ ಬಗ್ಗಿಸಿಬಿಟ್ಟರು, ಅದು ಇವತ್ತಿಗೂ ಸೊಟ್ಟಗಿದೆ. ದೊಡ್ಡಮ್ಮ ಬಾಯಿ ಜೋರಾದರೂ ಮನಸ್ಸು ಕೆಟ್ಟದ್ದಲ್ಲ. ತಪ್ಪಾಯಿತು ಅಂತ ಅತ್ತೆಯ ಕೈ ಹಿಡಿದು, ಎಲೆ ಹಾಕಿಸಿ, ಒಬ್ಬಟ್ಟು ಬಡಿಸಿದರು.

ಗೆದ್ದವಳು ಮಾತ್ರ ಒಬ್ಬಟ್ಟು ಮುಟ್ಟಲಿಲ್ಲ. ಏನಾಯಿತು ಅಂತ ಕೇಳಿದೆ.

“ಬಚ್ಚಪ್ಪನ ಚೊಂಬಿಗೂ ಅಂಚಲ್ಲೇ ಇಟ್ಟಿದ್ದೆ ಕಣಮ್ಮಿ,” ಅಂದಳು.

ಬಚ್ಚಪ್ಪನೂ ಪಾತ್ರೆ ಮಾರುವವನೇ. ಮೂರು ವರ್ಷದ ಹಿಂದೆ ಬೂದಿಕೋಟೆಯಲ್ಲಿ ವ್ಯಾಪಾರಕ್ಕೆ ಅಡ್ಡ ಬಂದನೆಂದು, ಅತ್ತೆ ಅವನ ಚೊಂಬಿನ ಅಂಚಿಗೆ ಮ್ಯಾಗ್ನೆಟ್ ಕಚ್ಚಿಸಿ, ಇವನದು ಕಬ್ಬಿಣ ಅಂತ ಬೀದಿ ತುಂಬ ಸಾರಿದ್ದಳು. ಅವನು ವ್ಯಾಪಾರ ಬಿಟ್ಟು ಈಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಿದ್ದ. ಅತ್ತೆ ಎಲೆ ಮಡಿಸಿ ಎದ್ದಳು. ಹೊಸ ಮದುಮಗಳು ಹೊಸ್ತಿಲು ದಾಟಬಾರದು ಅನ್ನುವ ದೊಡ್ಡಮ್ಮನೇ ನನ್ನನ್ನು ಜೊತೆಗೆ ಕಳಿಸಿದರು.

ಸ್ಟೇಷನ್ನಿನಲ್ಲಿ ಹಮಾಲರೆಲ್ಲರ ಎದುರು, ಅವತ್ತು ಕೂಗಿದಷ್ಟೇ ಜೋರಾಗಿ ಅತ್ತೆ ತನ್ನ ತಪ್ಪು ಹೇಳಿಕೊಂಡಳು. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದಳು. ಬಚ್ಚಪ್ಪ ಮೂಟೆ ಇಳಿಸಿ, ಮುಖ ಒರೆಸಿಕೊಂಡ.

“ಅಂಗಾದ್ರೆ ನಾನು ಮೋಸ ಮಾಡಿರ್ಲಿಲ್ವಾ ಅಕ್ಕ?” ಅಂದ. “ಮೂರು ವರ್ಷದಿಂದ ಆ ಊರಿನ ಕಡೆ ತಲೆ ಆಕಿ ಮಲಗಿಲ್ಲ ನಾನು.”

ಕದಿರತ್ತೆ ಕಣ್ಣು ಒರೆಸಿಕೊಂಡು ಅವನ ಮೊಣಕೈ ಹಿಡಿದಳು.

“ನಡಿ ಬೂದಿಕೋಟೆಗೆ. ಇವತ್ತು ನಿನ್ ಪಾತ್ರೆ ಒಳ್ಳೇ ಸ್ಟೀಲೇ ಅಂತ ಬೀದಿ ತುಂಬ ನಾನ್ ಕೂಗ್ತೀನಿ.”