ಅವರ ಕಡೆ ಚಾಲು ಅಂದರೆ

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ನಾನು ಒಂದೇ ಮಾತಿನಲ್ಲಿ ಶಾಲೆ ಬಿಡಿಸಿದೆ. ಬಿಡಿಸಿದೆ ಅನ್ನುವುದು ಸರಿಯೋ, ಅವಳೇ ಬಿಟ್ಟಳೋ — ಇವತ್ತಿಗೂ ನನಗೆ ಬಗೆಹರಿದಿಲ್ಲ. ಬಗೆಹರಿಯದ ಹಾಗೆ ನೋಡಿಕೊಂಡವನು ನಾನೇ ಎಂಬುದು ಮಾತ್ರ ಗೊತ್ತು.

ಚಳ್ಳಕೆರೆಯ ನಮ್ಮ ಹೈಸ್ಕೂಲಿಗೆ ಈ ವರ್ಷ ಬೆಳ್ಳಿಹಬ್ಬ. ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸ ನೀವೇ ಬರೆಯಬೇಕು, ಹಳಬರು ನೀವೊಬ್ಬರೇ ಉಳಿದಿರೋದು ಎಂದು ಎಲ್ಲರೂ ಗಂಟುಬಿದ್ದರು. ಬರೆದುಕೊಟ್ಟೆ. ತಗಡಿನ ಮಾಡಿನ ಕೆಳಗೆ ಶುರುವಾದದ್ದು, ತ್ರೈಮಾಸಿಕ ಪದ್ಧತಿ ಬಂದದ್ದು, ಅಂಕದ ಜೊತೆ ಗ್ರೇಡು ಬಂದದ್ದು, ಬೆತ್ತ ಹೋಗಿ ಬಿಸಿಯೂಟವೂ ಸೈಕಲ್ಲೂ ಬಂದದ್ದು, ಕೊನೆಗೆ ಇಂಗ್ಲಿಷ್ ಮೀಡಿಯಮ್ಮಿನ ಒಂದು ಕೋಣೆ. ಪದ್ಧತಿ ಬದಲಾದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ನಾವು ಬೈದದ್ದನ್ನು ಬರೆಯಲಿಲ್ಲ. ಪಾಲಕ್ಕನನ್ನೂ ಬರೆಯಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮಗಿದ್ದದ್ದು ಒಂದೇ ದೇವರು — ಹತ್ತನೇ ಕ್ಲಾಸಿನ ಫಲಿತಾಂಶ. ಯಾವ ವಿಷಯದಲ್ಲಿ ಹೆಚ್ಚು ಮಕ್ಕಳು ಫೇಲಾದರೋ ಆ ಮೇಷ್ಟ್ರು ಇಲಾಖೆಯ ಸಭೆಯಲ್ಲಿ ಎದ್ದು ನಿಲ್ಲಬೇಕು. ಪಾಲಕ್ಕ ಒಂಬತ್ತಕ್ಕೆ ಬರುವ ಹಿಂದಿನ ವರ್ಷ ಎದ್ದು ನಿಂತವನು ನಾನು. ಕನ್ನಡದಲ್ಲಿ ಫೇಲು! ಇಂಗ್ಲಿಷ್ ಮೇಷ್ಟ್ರು ಮುಸಿಮುಸಿ ನಕ್ಕದ್ದು ನನಗೆ ಆರು ತಿಂಗಳು ಊಟ ರುಚಿಸದಂತೆ ಮಾಡಿತ್ತು. ಅದಕ್ಕೇ ಒಂಬತ್ತರಲ್ಲೇ ಜರಡಿ ಹಿಡಿಯುವ ರೂಢಿ. ಹಿಂದುಳಿದವರನ್ನು ಕರೆದು, ಉಪಾಯವಾಗಿ ಕೇಳಿ, ಒಪ್ಪಿಸಿ, ಟಿ.ಸಿ. ಕೊಟ್ಟು ಕಳಿಸುವುದು. ಬಲವಂತ ಮಾಡುತ್ತಿರಲಿಲ್ಲ. ಅವರ ಬಾಯಿಂದಲೇ ಹೇಳಿಸುತ್ತಿದ್ದೆವು.

ಪಾಲಕ್ಕ ಮೊಳಕಾಲ್ಮೂರು ತಾಲ್ಲೂಕಿನ ಆಂಧ್ರದ ಗಡಿಯ ಹಳ್ಳಿಯವಳು. ಅಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರುತ್ತಿದ್ದ. ಮನೆಮಾತು ತೆಲುಗು. ಕನ್ನಡ ಬರೆಯಲು ಕೂತರೆ ಅರ್ಧ ತೆಲುಗೇ ಇಳಿಯುತ್ತಿತ್ತು. ಆದರೆ ಪಾಠ ಕೇಳುವಾಗ ಅವಳಷ್ಟು ಕಣ್ಣುಬಿಟ್ಟು ಕೂರುವವರು ಇನ್ನೊಬ್ಬರಿರಲಿಲ್ಲ.

ಈಗ ನನ್ನ ಗುಟ್ಟು. ನನ್ನ ಮನೆಮಾತೂ ತೆಲುಗೇ. ನಾನೂ ಅದೇ ತಾಲ್ಲೂಕಿನ ರಾಂಪುರದ ಕಡೆಯವನು; ಅವ್ವನ ಜೊತೆ ಕನ್ನಡದಲ್ಲಿ ಮಾತಾಡಿದವನೇ ಅಲ್ಲ. ಕನ್ನಡ ಮೇಷ್ಟ್ರಾಗಿ ಚಳ್ಳಕೆರೆಗೆ ಬಂದ ದಿನದಿಂದ ಅದನ್ನು ಮುಚ್ಚಿಟ್ಟೆ. ತೆಲುಗಿನವನು ಕನ್ನಡ ಕಲಿಸ್ತಾನಾ ಎಂದು ಯಾರಾದರೂ ಅಂದಾರು ಎಂಬ ಅಂಜಿಕೆ. ಯಾರೂ ಅಂದಿರಲಿಲ್ಲ, ಅನ್ನುತ್ತಲೂ ಇರಲಿಲ್ಲವೇನೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

ಪಾಲಕ್ಕನನ್ನು ಕರೆಸಿದ ದಿನ ಹೆಡ್ ಮಾಸ್ಟರ ಕೋಣೆಯಲ್ಲಿ ಅವರು, ನಾನು, ಗುಮಾಸ್ತ. ಹೆಡ್ ಮಾಸ್ಟರು ಮೈಸೂರಿನ ಕಡೆಯವರು, ಈ ಸೀಮೆಗೆ ಹೊಸಬರು. ಒಳ್ಳೆಯ ದನಿಯಲ್ಲೇ ಕೇಳಿದರು: "ನೋಡಮ್ಮ, ಮುಂದಿನ ವರ್ಷ ಕಷ್ಟ ಇದೆ. ಓದು ಇಲ್ಲಿಗೆ ಸಾಕೋ, ಮುಂದುವರಿಸ್ತೀಯೋ? ನೀನೇ ಹೇಳು."

ಪಾಲಕ್ಕ ಅವರ ಕಡೆ ನೋಡಲಿಲ್ಲ. ನನ್ನ ಮುಖ ನೋಡಿದಳು. "ಚಾಲು ಸಾರ್" ಅಂದಳು.

ತೆಲುಗಿನಲ್ಲಿ ಚಾಲು ಎಂದರೆ ಸಾಕು. ಊಟಕ್ಕೆ ಕೂತಾಗ ಅವ್ವ ಮುದ್ದೆ ಇಕ್ಕಲು ಬಂದರೆ ನಾನು ಕೈ ಅಡ್ಡ ಹಿಡಿದು ಅನ್ನುತ್ತಿದ್ದದ್ದು ಅದನ್ನೇ. ಆದರೆ ಚಳ್ಳಕೆರೆಯ ಪೇಟೆಯಲ್ಲಿ ಚಾಲು ಎಂದರೆ ನಡೆಯುತ್ತಿರುವುದು. ಮಿಲ್ ಚಾಲು ಐತೆ, ಮೋಟರ್ ಚಾಲು ಮಾಡು. ಅವಳ ಅಪ್ಪ ದುಡಿಯುವ ಜಾಗದಲ್ಲಿ ದಿನ ಬೆಳಗಾದರೆ ಅದೇ ಮಾತು. ಯಾವ ಚಾಲು? ಹೆದರಿಕೆಗೆ ಮನೆಮಾತು ಬಾಯಿಗೆ ಬಂತೋ, ಕನ್ನಡದಲ್ಲೇ ಉತ್ತರ ಕೊಡಬೇಕೆಂದು ಪೇಟೆಯ ಮಾತು ಹುಡುಕಿ ತಂದಳೋ — ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಆ ಮಾತು ಎರಡೂ ಕಡೆ ಬೆಳಗುತ್ತಿತ್ತು. ತೆಲುಗಿನಲ್ಲಿ ನಾನೊಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು. ಗುಮಾಸ್ತ ನನ್ನನ್ನೇ ನೋಡುತ್ತಿದ್ದ.

"ಏನಂದಳು ಮೇಷ್ಟ್ರೇ?" ಎಂದರು ಹೆಡ್ ಮಾಸ್ಟರು.

"ಅವರ ಕಡೆ ಚಾಲು ಅಂದ್ರೆ ಸಾಕು ಅಂತ ಸಾರ್" ಅಂದೆ.

ಅವರ ಕಡೆ. ಆ ಎರಡು ಪದ ಇಷ್ಟು ಸಲೀಸಾಗಿ ಹೇಗೆ ಬಂದವು? ಪಾಲಕ್ಕ ಬಾಯಿ ತೆರೆದಳು, ಏನೋ ಹೇಳಲು — ಅಥವಾ ನನಗೆ ಹಾಗೆ ಕಂಡಿತು. ಹೆಡ್ ಮಾಸ್ಟರು ಆಗಲೇ ತಲೆಯಾಡಿಸಿದ್ದರು. ಮಾರನೇ ದಿನ ಅವಳ ಅಪ್ಪ ಮಿಲ್ಲಿನಿಂದ ಹಾಗೇ ಬಂದು ಹೆಬ್ಬೆಟ್ಟು ಒತ್ತಿ, ಎಲ್ಲರಿಗೂ ಕೈಮುಗಿದು ಹೋದ. ಮುಂದಿನ ವರ್ಷ ಅವಳ ಜೊತೆಯವರ ಹತ್ತನೇ ಕ್ಲಾಸಿನ ಫಲಿತಾಂಶ ಬಂದಾಗ ಕನ್ನಡದಲ್ಲಿ ಯಾರೂ ಫೇಲಾಗಲಿಲ್ಲ. ನನಗೆ ಹಾರ ಹಾಕಿದರು. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಬಂದ ಪದ್ಧತಿಗಳಲ್ಲಿ ಮಕ್ಕಳು ಬಾಯಲ್ಲಿ ಹೇಳಿದ್ದಕ್ಕೂ, ಮಾಡಿ ತೋರಿಸಿದ್ದಕ್ಕೂ ಅಂಕವಿತ್ತು. ಇದು ಆಗಲೇ ಇದ್ದಿದ್ದರೆ ಪಾಲಕ್ಕ ಉಳಿಯುತ್ತಿದ್ದಳು ಎಂದು ತಪ್ಪನ್ನು ಪದ್ಧತಿಯ ತಲೆಗೆ ಕಟ್ಟಲು ಎಷ್ಟೋ ಸಲ ನೋಡಿದೆ. ಪದ್ಧತಿಗೆ ತೆಲುಗು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಈ ಜೂನಿನಲ್ಲಿ ಅವಳು ಬಂದಳು. ಮಗಳನ್ನು ಎಂಟನೇ ಕ್ಲಾಸಿಗೆ ಸೇರಿಸಲು. ಹೆಡ್ ಮಾಸ್ಟರ ಕುರ್ಚಿಯಲ್ಲಿ ಈಗ ನಾನಿದ್ದೇನೆ.

"ಗುರ್ತು ಸಿಗ್ಲಿಲ್ವಾ ಸಾರ್? ನಾನು ಪಾಲಕ್ಕ. ಇವಳು ನನ್ ಮಗಳು ಕಾವ್ಯ."

ಕನ್ನಡ ನೀರು ಹರಿದ ಹಾಗೆ. ಕೋಣೆಯಲ್ಲಿ ಗುಮಾಸ್ತರಿದ್ದರು, ಇಬ್ಬರು ಮೇಷ್ಟ್ರಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಶಾಲೆಯೊಳಗೆ ನನ್ನ ಮನೆಮಾತಿನಲ್ಲಿ ಬಾಯಿ ತೆರೆದೆ. ಚೆನ್ನಾಗಿ ಓದ್ತೀಯಾ ಎಂದು ಮಗುವನ್ನು ಕೇಳಬೇಕಿತ್ತು: "ಏಮ್ಮಾ, ಬಾಗಾ ಸದುವುತಾವಾ?" ಅಂದೆ.

ಗುಮಾಸ್ತರು ತಲೆ ಎತ್ತಿದರು. ಹುಡುಗಿ ತಾಯಿಯ ಸೆರಗು ಎಳೆದಳು. "ಅವ್ವ, ಏನಂತಾರೆ?"

"ಅವಳಿಗೆ ತೆಲುಗು ಬರಲ್ಲ ಸಾರ್" ಎಂದಳು ಪಾಲಕ್ಕ. "ನಾನೇ ಕಲಿಸ್ಲಿಲ್ಲ."

"ಯಾಕಮ್ಮ?"

"ಒಂದ್ ಮಾತಿಗೆ ಒಂದೇ ಅರ್ಥ ಇರ್ಲಿ ಅಂತ."

ಕೋಪವಿತ್ತೇ ಆ ದನಿಯಲ್ಲಿ? ಇರಲಿಲ್ಲ ಅನ್ನಿಸುತ್ತದೆ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಯಾವ ಚಾಲು ಪಾಲಕ್ಕ, ಆವತ್ತು ಯಾವ ಚಾಲು — ನಾಲಿಗೆಯ ತುದಿಯವರೆಗೂ ಬಂತು, ದಾಟಲಿಲ್ಲ. ಅವಳು ಮಗಳ ಕೈ ಹಿಡಿದು ಬಾಗಿಲವರೆಗೆ ಹೋಗಿ ನಿಂತಳು.

"ನಿಮ್ಗೆ ತೆಲುಗು ಬರ್ತೈತೆ ಅಂತ ನಂಗೆ ಆವತ್ತೇ ಗೊತ್ತಿತ್ತು ಸಾರ್. ಅದಕ್ಕೇ ನಿಮ್ ಮುಖ ನೋಡಿದ್ದು."

ಸ್ಮರಣ ಸಂಚಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ. ನಾನು ಬರೆದ ಇತಿಹಾಸದ ಕೊನೆಗೆ ಇದನ್ನೂ ಸೇರಿಸಿ ಎಂದು ಕೊಡುತ್ತಿದ್ದೇನೆ. ಪಾಲಕ್ಕ, ನಿನ್ನ ಮಗಳು ಇದನ್ನು ನಿನಗೆ ಓದಿ ಹೇಳಿದರೆ ಕೇಳು: ನಮ್ಮ ಕಡೆ ಚಾಲು ಅಂದರೆ ಸಾಕು ಎಂದೂ ಆಗುತ್ತದೆ, ನಡೆಯಲಿ ಎಂದೂ ಆಗುತ್ತದೆ. ನಮ್ಮ ಕಡೆ. ಯಾವುದು ಎಂದು ನಾನು ನಿನ್ನನ್ನು ಕೇಳಬೇಕಿತ್ತು. ಕೇಳಲಿಲ್ಲ.