ಬೀಳ್ಕೊಂಡ ಮೇಲೂ ಊರಲ್ಲಿದ್ದವನು

ಮಂಗಳವಾರ ಬೆಳಿಗ್ಗೆ ನನ್ನ ಗಂಡ ತುಕಿರಾನ್ ಕಾಲುಚೀಲ ಹಾಕಿಕೊಂಡು ಜಾರಿ ಬಿದ್ದ. ಐವತ್ತನಾಲ್ಕು ವರ್ಷ ಮನೆಯಲ್ಲಿ ಬರಿಗಾಲಲ್ಲಿ ನಡೆದ ಬಡಗಿ. ಜಪಾನಿನಲ್ಲಿ ಮನೆಯೊಳಗೆ ಕಾಲುಚೀಲದಲ್ಲೇ ಓಡಾಡುತ್ತಾರಂತೆ, ಅದಕ್ಕೆ ಅಭ್ಯಾಸ ಬೇಕಂತೆ. ನೆಲ ನಾನು ಆಗಷ್ಟೇ ಒರೆಸಿದ್ದೆ.

"ಸೊಂಟ ಮುರೀತಾ?" ಎಂದೆ ಅಡುಗೆಮನೆಯಿಂದಲೇ.

"ಎಲ್ಲಿ ಬಿದ್ದೆ? ಅವರು ಹಿಂಗೇ ಕೂರೋದು," ಎಂದ, ಬಿದ್ದಲ್ಲೇ ಮಂಡಿ ಮಡಚಿಕೊಂಡು.

ಆಮೇಲೆ ನಾನು ಚೀಟಿ ಹಿಡಿದು ಅವನ ಎದುರು ಕೂರಬೇಕಾಯಿತು. ಒಂದೊಂದು ಚೀಟಿಯಲ್ಲೂ ಒಂದೊಂದು ಜಪಾನಿ ಅಕ್ಷರ. ನಾನು ಓದಿದ್ದು ನಾಲ್ಕನೇ ತರಗತಿ. ನಮ್ಮ ಅಕ್ಷರವೇ ನನಗೆ ನಿಧಾನ, ಇವು ಕೋಳಿ ಕೆದರಿದ ಹಾಗೆ ಕಾಣುತ್ತವೆ. ನಾನು ಎತ್ತಿ ಹಿಡಿಯುವುದು, ಅವನು ಓದುವುದು, ನಾನು "ತಪ್ಪು" ಅನ್ನುವುದು.

"ತಪ್ಪು ಅಂತ ನಿಂಗೆ ಹೆಂಗೆ ಗೊತ್ತು?"

"ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ."

"ಲೇ, ಚೀಟಿ ತಲೆಕೆಳಗೆ ಹಿಡ್ಕೊಂಡಿದ್ದೀಯ."

"ಹಂಗಾದ್ರೆ ನೀನು ತಲೆಕೆಳಗೆ ಓದಿದ್ದೀಯ. ಅದೂ ತಪ್ಪೇ."

ಕಾಫಿ ಕುಡಿದ. ಬೈಕ್ ಹತ್ತಿ ಪಕ್ಕದ ಊರಿಗೆ ಕೆಲಸಕ್ಕೆ ಹೋದ. ಸಂಜೆ ಬಂದು ಸೊಪ್ಪು, ಕಡಲೆಕಾಯಿ ಚಟ್ನಿ, ಅನ್ನ ಉಂಡ. ಒಂದು ತೊಲೆಯಲ್ಲಿ ಗಂಟು ಸಿಕ್ಕಿ ಉಳಿ ಮೊಂಡಾಯಿತು ಎಂದ. ಮಲಗಿದ. ಅಷ್ಟೇ. ಬೇರೆ ಏನಾದರೂ ಹೇಳಿದನಾ ಎಂದು ಮಗಳು ಕೇಳುತ್ತಿರುತ್ತಾಳೆ. ಇಲ್ಲ. ತೊಲೆಯ ಗಂಟಿನ ಮಾತೇ ಕೊನೆ.

ಮರುದಿನ ನಾನು ಏಳುವ ಮೊದಲೇ ಕೆಲಸಕ್ಕೆ ಹೋದ, ಅಲ್ಲೇ ಸತ್ತ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಜಪಾನಿನ ವಿಷಯ.

ಭೂಕಂಪದ ವರ್ಷ ನಮ್ಮ ಊರಲ್ಲಿ ನಿಂತ ಮನೆಗಿಂತ ಬಿದ್ದ ಮನೆ ಹೆಚ್ಚು. ಸಹಾಯಕ್ಕೆಂದು ಎಲ್ಲೆಲ್ಲಿಂದಲೋ ಜನ ಬಂದರು. ಅವರಲ್ಲಿ ಜಪಾನಿನ ಒಬ್ಬ ಮುದುಕ ಬಡಗಿ. ಎಲ್ಲರೂ ಅಕ್ಕಿ, ಟಾರ್ಪಾಲು ಹಂಚುತ್ತಿದ್ದರೆ ಈ ಮುದುಕ ಬಿದ್ದ ಮನೆಯೊಂದರ ಕೆಳಗೆ ಹೊಟ್ಟೆ ಮೇಲೆ ಮಲಗಿ, ಕಂಬ ತೊಲೆ ಸೇರುವ ಕೀಲು ನೋಡುತ್ತಿದ್ದ. ಮನೆ ಉರುಳಿತ್ತು, ಕೀಲು ಬಿಟ್ಟಿರಲಿಲ್ಲ. ಆ ಕೀಲು ತುಕಿರಾನ್ ಮಾಡಿದ್ದು. ಅವನೂ ಹೋಗಿ ಪಕ್ಕದಲ್ಲಿ ಮಲಗಿದ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಮಧ್ಯಾಹ್ನದವರೆಗೆ ಇಬ್ಬರೂ ಆ ಕೀಲು ಬಿಚ್ಚುವುದು, ಸೇರಿಸುವುದು, ನಗುವುದು. ನಾನು ಮಗು ಎತ್ತಿಕೊಂಡು ಗಂಜಿಯ ಸಾಲಿನಲ್ಲಿ ನಿಂತಿದ್ದೆ.

ಹೋಗುವಾಗ ಮುದುಕ ತನ್ನ ಗರಗಸ ಇವನಿಗೆ ಕೊಟ್ಟ. ನಮ್ಮ ಗರಗಸ ತಳ್ಳಿದರೆ ಕೊಯ್ಯುತ್ತದೆ. ಅದು ಎಳೆದರೆ ಕೊಯ್ಯುತ್ತದೆ. ಇವನು ಒಂದು ವಾರ ನಿದ್ದೆ ಮಾಡಲಿಲ್ಲ.

"ಜುಮೀ, ನೋಡೇ. ನಾವು ಮರಾನ ಆ ಕಡೆ ತಳ್ತೀವಿ. ಅವರು ತಮ್ಮ ಕಡೆ ಎಳ್ಕೋತಾರೆ. ಎಂಥ ಜನ ಇರಬೇಕು!"

"ಎಂಥ ಜನ? ಗರಗಸ ಹೊಟ್ಟೆಗೆ ಎಳ್ಕೊಳ್ಳೋ ಜನ," ಎಂದೆ.

ಅಲ್ಲಿಂದ ಹಿಡಿಯಿತು. ಹದಿನೆಂಟು ವರ್ಷ. ಪೇಟೆಯಲ್ಲಿ ಜಪಾನಿನ ಹಳೇ ಕ್ಯಾಲೆಂಡರು ಸಿಕ್ಕಿದರೆ ತರುವನು, ದೇವಸ್ಥಾನದ ಮಾಡು ಇದ್ದ ಹಾಳೆ ಕತ್ತರಿಸಿ ಗೋಡೆಗೆ ಅಂಟಿಸುವನು. ಮೇಕೆಗೂ ಬಗ್ಗಿ ನಮಸ್ಕರಿಸುವನು. ಶಾವಿಗೆ ಸದ್ದು ಮಾಡಿ ಹೀರುವನು. ಎಲ್ಲಕ್ಕಿಂತ ಕಷ್ಟ ಅವನ ಹೊತ್ತಿನ ಶಿಸ್ತು. ಜಪಾನಿನವರು ಐದು ನಿಮಿಷ ಮೊದಲೇ ಬರುತ್ತಾರೆ ಎಂದು ಎಲ್ಲೋ ಕೇಳಿದ. ನಮ್ಮಲ್ಲಿ ಏಳು ಗಂಟೆಗೆ ಊಟಕ್ಕೆ ಕರೆದರೆ ಎಂಟೂವರೆಗೆ ಹೋಗುವುದು. ಇವನು ಆರು ಐವತ್ತೈದಕ್ಕೆ ಹಾಜರು. ಮನೆಯವರು ಇನ್ನೂ ಬಚ್ಚಲಲ್ಲಿ. ಎಷ್ಟೋ ಮನೆಯ ಯಜಮಾನರು ನನ್ನ ಗಂಡನನ್ನು ಟವೆಲ್ಲಿನಲ್ಲೇ ಬರಮಾಡಿಕೊಂಡಿದ್ದಾರೆ.

ಮಗಳು ವಿದಾ ಮೊಬೈಲಿನಲ್ಲಿ ಹುಡುಕಿ ಕೊಟ್ಟಳು. ಗುಡ್ಡದ ಊರೊಂದರಲ್ಲಿ ಬಡಗಿ ಶಾಲೆ. ಹೊರದೇಶದವರಿಗೆ ಒಂದು ವರ್ಷದ ಓದು. ವಯಸ್ಸಿನ ಅಡ್ಡಿಯಿಲ್ಲ. ಭಾಷೆಯ ಪರೀಕ್ಷೆ ಪಾಸಾಗಬೇಕು, ಕೈಕೆಲಸದ ಒಂದು ಮಾದರಿ ಕಳಿಸಬೇಕು. ಮಾದರಿ ಒಂದು ವಾರದಲ್ಲಿ ಆಯಿತು. ಪರೀಕ್ಷೆಗೆ ಮೂರು ವರ್ಷ.

ಪೇಟೆಯಲ್ಲಿ ಭಾಷೆ ಕಲಿಸುವ ಕಡೆ ಸೇರಿದ. ಅಲ್ಲಿರುವುದೆಲ್ಲ ಜಪಾನಿನ ಫ್ಯಾಕ್ಟರಿಗೆ ಹೊರಟ ಹತ್ತೊಂಬತ್ತರ ಹುಡುಗರು. ತಲೆ ಬೋಳಿಸಿಕೊಂಡು ಸಾಲಾಗಿ ನಿಂತು ನಮಸ್ಕಾರ ಕೂಗುತ್ತಾರೆ, ಬೆಳಿಗ್ಗೆ ಓಡುತ್ತಾರೆ. ಇವನೂ ಬೋಳಿಸಿಕೊಂಡ. ಇವನೂ ಓಡಿದ. ಅವರು ಓಡಿ, ಸ್ನಾನ ಮಾಡಿ, ತಿಂಡಿ ತಿಂದು ಮುಗಿಸುವ ಹೊತ್ತಿಗೆ ಇವನು ಗೇಟು ಮುಟ್ಟುತ್ತಿದ್ದ.

"ದೊಡ್ಡಪ್ಪ, ನಿಮ್ದು ಯಾವ ಫ್ಯಾಕ್ಟರಿ?" ಎಂದು ಕೇಳುತ್ತಿದ್ದರಂತೆ.

"ಫ್ಯಾಕ್ಟರಿ ಅಲ್ರಪ್ಪಾ. ಓದೋಕೆ."

"ಓದೋಕಾ! ಓದಿ ಮುಂದೆ ಏನಾಗ್ತೀರಾ ದೊಡ್ಡಪ್ಪ?"

"ಮುದುಕ ಆಗ್ತೀನಿ."

ಸೋಯಾಕಾಳು ಹುದುಗಿಸಿ ತೆಂಪೆ ಮಾಡಿ ಮಾರುವ ತುಮಿನಾ ನಮ್ಮ ಪಕ್ಕದ ಮನೆಯವಳು. ಅವಳಿಗೆ ಇದು ಕೊನೆಗೂ ಅರ್ಥವಾಗಲಿಲ್ಲ.

"ಅಲ್ಲಿ ಸಂಬಳ ಎಷ್ಟಂತೆ?"

"ಸಂಬಳ ಇಲ್ಲ. ಇವನೇ ಫೀಸು ಕಟ್ಟೋದು."

"ಮರ ಕೆತ್ತಿದ್ರೆ ಇಲ್ಲಿ ಜನ ಇವನಿಗೆ ದುಡ್ಡು ಕೊಡ್ತಾರೆ. ಅಲ್ಲಿಗೆ ಹೋಗಿ ಇವನೇ ಕೊಟ್ಟು ಕೆತ್ತೋದಾ? ಜುಮಿರಾ, ನಿಜ ಹೇಳು. ಭೂಕಂಪದಲ್ಲಿ ನಿನ್ನ ಗಂಡನ ತಲೆ ಮೇಲೆ ಏನಾದ್ರೂ ಬಿತ್ತಾ?"

ಎರಡು ಸಲ ಫೇಲಾದ. ಮೂರನೇ ಸಲ ಪಾಸಾದ. ಅರ್ಜಿ ಹೋಯಿತು. ಇನ್ನು ಶಾಲೆಯ ಕಾಗದ ಬರುವುದೊಂದೇ ಬಾಕಿ.

ತಪ್ಪಾಗಿದ್ದು ಇಲ್ಲಿ. ದೂರ ಹೊರಡುವವನು ಊರಿಗೆ ಊಟ ಹಾಕಿ, ಮನೆಮನೆಗೂ ಹೋಗಿ ಕ್ಷಮೆ ಕೇಳಿ ಹೊರಡಬೇಕು. ಅದಕ್ಕೆ ದಿನ ನೋಡಿಸಬೇಕು. ಊರಿಗೆ ದಿನ ನೋಡಿಕೊಡುವ ಸೋಮೊ ಅಜ್ಜ ಏಳು ದಿನದ ವಾರಕ್ಕೆ ನಮ್ಮ ಕಡೆಯ ಐದು ದಿನದ ಪೇಟೆವಾರ ಕೂಡಿಸಿ, ಇವನು ಹುಟ್ಟಿದ ದಿನದ ಜೊತೆ ತೂಗಿ, ಕಣ್ಣು ಮುಚ್ಚಿ ಬೆರಳು ಮಡಚಿದರು.

"ಬರೋ ಶನಿವಾರ ಪೇಟೆವಾರದ ಪಾಹಿಂಗ್. ಒಳ್ಳೇ ದಿನ ಅದೊಂದೇ. ಆಮೇಲೆ ಸುರೊ ತಿಂಗಳು. ಸುರೊದಲ್ಲಿ ಯಾರೂ ಊಟ ಹಾಕಲ್ಲ."

"ಅಜ್ಜಾ, ಕಾಗದ ಇನ್ನೂ ಬಂದಿಲ್ಲ," ಎಂದೆ.

"ಕಾಗದ ಯಾವತ್ತಾದ್ರೂ ಬರುತ್ತಮ್ಮ. ದಿನ ಬರಲ್ಲ."

ಶನಿವಾರ ಊಟ ಹಾಕಿದೆವು. ಗೋಪುರದ ಹಾಗೆ ಹಳದಿ ಅನ್ನ, ಇಡೀ ಕೋಳಿ. ಮರುದಿನ ಅವನು ಬಾಟಿಕ್ ಅಂಗಿ ಹಾಕಿಕೊಂಡು ಮೂವತ್ತೆರಡು ಮನೆಗೆ ಹೋದ. ಎಲ್ಲರೂ "ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಿ" ಎಂದಷ್ಟೇ ಹೇಳಿ ಚಹಾ ಕುಡಿದು ಬರುತ್ತಾರೆ. ಇವನು ತಪ್ಪುಗಳನ್ನು ಒಂದೊಂದಾಗಿ ಹೇಳಿದ. ಸರ್ಜೊನೊ ಮನೆಯಲ್ಲಿ, "ನಿಮ್ಮ ಮುಂದಿನ ಕಿಟಕಿ ಒಂದು ಬೆರಳು ಓರೆ. ಕೂರಿಸುವಾಗ್ಲೇ ನಂಗೆ ಗೊತ್ತಿತ್ತು," ಎಂದನಂತೆ. ಹನ್ನೆರಡು ವರ್ಷ ಆ ಕಿಟಕಿಯ ಪಕ್ಕದಲ್ಲೇ ಕೂತು ಸಿಗರೇಟು ಸೇದಿದ ಸರ್ಜೊನೊಗೆ ಅದು ಕಂಡಿರಲಿಲ್ಲ. ಆ ದಿನದಿಂದ ಬೇರೇನೂ ಕಾಣುತ್ತಿಲ್ಲ.

ಎಲ್ಲ ಮುಗಿಸಿ ಬಂದು ನನ್ನ ಎದುರು ಕೂತ. ಎರಡೂ ಕೈ ಮುಂದೆ ಚಾಚಿದ; ಆ ಕೈ ಹಿಡಿದರೆ ಕ್ಷಮಿಸಿ ಅಪ್ಪಣೆ ಕೊಟ್ಟ ಹಾಗೆ. ನಾನು ನನ್ನ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ನನ್ನ ಹತ್ರ ಈಗ ಬೇಡ. ಟಿಕೆಟ್ ಹಿಡ್ಕೊಂಡು ಬಾ. ನಾನು ಅಪ್ಪಣೆ ಒಂದೇ ಸಲ ಕೊಡೋದು."

"ಬಿಡು. ನಿಂದು ಕೊನೇಗೆ," ಎಂದು ನಕ್ಕ.

ಟಿಕೆಟ್ಟಿನ ಮಾತು ನೆಪ. ನಾನು ಕೊಡದಿದ್ದರೆ ಅವನು ಹೋಗಲಾರ ಎಂದುಕೊಂಡಿದ್ದೆ. ಅವನು ಓದುವುದು ನನಗೆ ಬೇಡವಾಗಿರಲಿಲ್ಲ. ಒಂದು ವರ್ಷ ಒಬ್ಬಳೇ ಉಣ್ಣುವುದು ಬೇಡವಾಗಿತ್ತು.

ಕಾಗದ ಆಗಸ್ಟಿನಲ್ಲಿ ಬಂತು. ವಿದಾ ಮೊಬೈಲಿನಲ್ಲಿ ಓದಿ ಹೇಳಿದಳು.

"ಅಪ್ಪಾ, ಸೀಟು ಸಿಕ್ತು!"

ತುಕಿರಾನ್ ಎದ್ದು ನಿಂತು ಮೊಬೈಲಿಗೆ ಬಗ್ಗಿ ನಮಸ್ಕರಿಸಿದ.

"ಆದ್ರೆ ಮುಂದಿನ ಏಪ್ರಿಲ್‌ಗೆ."

"ಏಪ್ರಿಲ್ಲಾ? ಎಂಟು ತಿಂಗಳು ಇದೆಯಲ್ಲೇ!" ಎಂದೆ. "ಊರೆಲ್ಲ ಬೀಳ್ಕೊಟ್ಟಾಗಿದೆ."

ಸೋಮೊ ಅಜ್ಜನ ಹತ್ತಿರ ಓಡಿದೆವು. ಅಜ್ಜ ಮತ್ತೆ ಬೆರಳು ಮಡಚಿದರು. ಬೀಳ್ಕೊಟ್ಟವನನ್ನು ಊರು ಮತ್ತೆ ಒಳಗೆ ಕರೆದರೆ ಪ್ರಯಾಣ ಮುರಿದುಹೋಗುತ್ತದೆ ಎಂದರು. ಉಪಾಯ ಒಂದೇ. ಅವನು ಹೋಗಿಯಾಗಿದೆ ಎಂದು ಎಲ್ಲರೂ ನಡೆದುಕೊಳ್ಳಬೇಕು.

ನಡೆದುಕೊಂಡರು. ನಮ್ಮ ಊರಿನವರು ಯಾವ ಮಾತಿಗೂ ಒಟ್ಟಾದವರಲ್ಲ, ಇದಕ್ಕೆ ಒಟ್ಟಾದರು. ಊರಿನ ರಾತ್ರಿ ಕಾವಲಿನ ಪಟ್ಟಿಯಿಂದ ಅವನ ಹೆಸರು ತೆಗೆದರು. ಗಂಡಸರು ಮಾತ್ರ ಹೋಗುವ ಊಟಕ್ಕೆ ಕರೆಯಲು ಬಂದ ಸರ್ಜೊನೊ, ಜಗಲಿಯಲ್ಲಿ ಕಾಫಿ ಹೀರುತ್ತಿದ್ದ ನನ್ನ ಗಂಡನನ್ನು ದಾಟಿ ಬಂದು ನನ್ನನ್ನು ಕೇಳಿದ.

"ಅಕ್ಕಾ, ಇವತ್ತು ನಮ್ಮ ಮನೇಲಿ ಊಟ. ನಿಮ್ಮನೇಲಿ ಗಂಡಸರು ಯಾರೂ ಇಲ್ವಲ್ಲ, ಪಾಪ. ನಿಮ್ಮ ಬುತ್ತಿ ಹಿತ್ತಿಲ ಬೇಲಿ ಹತ್ರ ಕಳಿಸ್ತೀನಿ."

"ಎರಡು ಕಳಿಸು," ಎಂದ ತುಕಿರಾನ್.

ಸರ್ಜೊನೊ ಆಕಾಶ ನೋಡಿದ. "ಏನೋ ಗಾಳಿ ಸದ್ದು. ಎರಡು ಕಳಿಸ್ತೀನಿ ಅಕ್ಕಾ. ಹಂಗೇ ಜಪಾನಿಗೆ ಕಾಗದ ಬರೆದ್ರೆ ಕಿಟಕಿ ವಿಷಯಾನೂ ಬರೀರಿ."

ತುಮಿನಾ ದಿನಾ ಬೇಲಿ ಮೇಲಿಂದ ಕೂಗುತ್ತಿದ್ದಳು. "ಜುಮಿರಾ, ಜಪಾನಿನಲ್ಲಿರೋನಿಗೆ ಎಷ್ಟು ತುಂಡು ತೆಂಪೆ ಕಟ್ಲಿ? ನಿನ್ನೆ ಅಲ್ಲಿಂದ ಕೆಮ್ಮಿದ್ದು ಇಲ್ಲಿಗೆ ಕೇಳಿಸ್ತು."

ಅವನಿಗೆ ಇದು ಭಾರಿ ಇಷ್ಟವಾಯಿತು. ಹೇಗಿದ್ದರೂ ಜಪಾನಿನಲ್ಲಿದ್ದೇನಲ್ಲ ಎಂದು ಜಗಲಿಯಲ್ಲೇ ಚಪ್ಪಲಿ ಬಿಟ್ಟು, ಬೀದಿ ಕಡೆ ಮೂತಿ ಮಾಡಿ ಜೋಡಿಸಿ ಒಳಗೆ ಬರುವನು. ಬೆಳಿಗ್ಗೆ ಹಾಸಿಗೆ ಸುತ್ತಿ ಬೀರುವಿನೊಳಗೆ ತುರುಕುವನು. ನಮ್ಮದು ಬೂರುಗದ ಹತ್ತಿಯ ಹಾಸಿಗೆ, ಎರಡು ಕಡೆ ಹರಿದಿದೆ. ಮೂರು ತಿಂಗಳು ನಾನು ಅನ್ನದಿಂದ ಹತ್ತಿ ಆರಿಸಿದೆ.

ಜನವರಿಯಲ್ಲಿ ಟಿಕೆಟ್ ಬಂತು. ವಿದಾ ಅದನ್ನು ಹಾಳೆಯ ಮೇಲೆ ಮುದ್ರಿಸಿ ತಂದಳು. ಅವನು ಅದನ್ನು ನನ್ನ ಮುಂದಿಟ್ಟು ಕೈ ಚಾಚಿದ.

"ತಗೋ. ಟಿಕೆಟ್ ಬಂತಲ್ಲ."

"ಹೊರಡೋ ದಿನ," ಎಂದೆ. "ಇನ್ನೂ ಎರಡು ತಿಂಗಳಿದೆ."

"ಊರೆಲ್ಲ ಕೊಟ್ಟು ಏಳು ತಿಂಗಳಾಯ್ತು. ನೀನೊಬ್ಳೇ ಜಿಪುಣಿ."

"ಹೌದು. ನಾನೊಬ್ಳೇ."

ಅವನು ಮತ್ತೆ ಕೇಳಲಿಲ್ಲ.

ಈಗ ಆ ಬುಧವಾರ. ಫೆಬ್ರವರಿಯ ಮೊದಲ ವಾರ. ಪಕ್ಕದ ಊರಲ್ಲಿ ಮಾಡಿನ ಕೆಲಸ. ಬಡಗಿಗಳು ಹನ್ನೆರಡಕ್ಕೆ ಉಂಡು, ಹಲಗೆಗಳ ಮೇಲೆ ಉರುಳಿಕೊಂಡು, ಒಂದಕ್ಕೆ ಏಳುತ್ತಾರೆ. ತುಕಿರಾನ್ ಮುಖದ ಮೇಲೆ ಟೋಪಿ ಮುಚ್ಚಿ ಮಲಗಿದ. ದಿನಾ ಒಂದಕ್ಕೆ ಐದು ನಿಮಿಷ ಇರುವಾಗಲೇ ಎದ್ದು ಎಲ್ಲರ ಕಾಲು ಒದೆಯುವವನು ಅವನೇ. ಒಂದು ಗಂಟೆಯಾಯಿತು. ಯಾರಿಗೂ ಒದೆ ಬೀಳಲಿಲ್ಲ. ಆಗಲೇ ಎಲ್ಲರಿಗೂ ಗೊತ್ತಾಯಿತಂತೆ. ಟೋಪಿ ಎತ್ತಲು ಯಾರೂ ಮುಂದೆ ಬರಲಿಲ್ಲವಂತೆ.

ಹೃದಯ ಎಂದರು. ಇರಬಹುದು.

ಮರುದಿನ ಬೆಳಿಗ್ಗೆ ಹೊತ್ತು ಹೊರಟರು. ಚಟ್ಟ ಎತ್ತುವ ಮೊದಲು ಊರಿನ ಮುಲ್ಲಾ ನೆರೆದವರನ್ನು ಕೇಳಬೇಕು, ಕೇಳಿದರು. ಈತ ಎಂಥವನು? ಒಳ್ಳೆಯವನು ಎಂದರು ಎಲ್ಲರೂ. ಈತನಿಂದ ತಪ್ಪಾಗಿದ್ದರೆ ಕ್ಷಮಿಸುತ್ತೀರಾ? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಸರ್ಜೊನೊ ಗಂಟಲು ಸರಿಮಾಡಿಕೊಂಡ.

"ನಾವು ಜೂನ್‌ನಲ್ಲೇ ಕ್ಷಮಿಸಿ ಆಗಿದೆ. ಮೂವತ್ತೆರಡು ಮನೆನೂ. ಕಿಟಕಿ ಮಾತ್ರ ಇನ್ನೂ ಓರೆ."

ಯಾರೋ ಕಿಸಕ್ಕೆಂದರು. ಆಮೇಲೆ ಅಂಗಳವೆಲ್ಲ ನಕ್ಕಿತು. ಮುಲ್ಲಾ ಕೂಡ ಗಡ್ಡ ಹಿಡಿದುಕೊಂಡರು. ನಾನೂ ನಕ್ಕೆ. ನಗು ನಿಂತಾಗ ತುಮಿನಾ ನನ್ನ ಕಡೆ ನೋಡಿದಳು. ನಾನು ಅಪ್ಪಣೆ ಕೊಟ್ಟಿಲ್ಲ ಎನ್ನುವುದು ಅವಳಿಗೆ ಗೊತ್ತು. ಬೇಲಿಗೆ ಕಿವಿಯಿದೆ.

ಚಟ್ಟವನ್ನು ಎತ್ತರಕ್ಕೆ ಹಿಡಿದರು. ಮನೆಯವರು ಅದರ ಕೆಳಗೆ ಮೂರು ಸಲ ನುಸುಳಿ ಹೋಗಬೇಕು. ವಿದಾ ಮುಂದೆ, ನಾನು ಹಿಂದೆ. ಮೊದಲ ಸಲ ತಲೆ ಬಗ್ಗಿಸಿ ದಾಟಿದೆ. ಎರಡನೇ ಸಲ ಮಂಡಿ ಹಿಡಿದುಕೊಂಡಿತು. ಮೂರನೇ ಸಲ ಅವನ ಬೆನ್ನಿನ ನೇರ ಕೆಳಗೆ ನಿಂತೆ.

"ಕೊಟ್ಟೆ. ಹೋಗಿ ಬಾ," ಎಂದೆ.

ಹೊತ್ತವರ ಕೈ ಸೋಲುತ್ತಿತ್ತು. ವಿದಾ ನನ್ನನ್ನು ಹೊರಗೆಳೆದಳು.

ಆ ಶಾಲೆಗೆ ವಿದಾ ಬರೆದಳು. ಅವರು ಎರಡು ಸಾಲು ಉತ್ತರ ಬರೆದರು. ಅವನ ಹೆಸರಿನ ಕೊನೆಗೆ ಗೌರವದ ಪದ ಹಾಕಿದ್ದರಂತೆ. ಕಂಡಿದ್ದರೆ ಆ ಕಾಗದಕ್ಕೂ ಬಗ್ಗಿ ನಮಸ್ಕರಿಸುತ್ತಿದ್ದ.

ನಲವತ್ತು ದಿನ ಕಳೆದ ಮೇಲೆ ಪೇಟೆಯ ಬಡಗಿಯೊಬ್ಬ ಹತಾರ ಕೇಳಿಕೊಂಡು ಬಂದ. ಕೊಡಲಿಲ್ಲ. ಪೆಟ್ಟಿಗೆ ತೆರೆದು ನೋಡಿದರೆ ಎರಡು ಉಳಿಗೆ ತುಕ್ಕು ಬರುತ್ತಿತ್ತು. ನಮ್ಮ ಕಡೆಯ ತೇವಕ್ಕೆ ಕಬ್ಬಿಣ ಮೂರು ದಿನ ಸುಮ್ಮನಿರುವುದಿಲ್ಲ. ಹಾಗಾಗಿ ಬೆಳಿಗ್ಗೆ ಎದ್ದು ಅನ್ನಕ್ಕಿಟ್ಟು, ಜಗಲಿಯಲ್ಲಿ ಕೂತು ಉಳಿಗಳನ್ನು ಒರೆಸಿ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಇಪ್ಪತ್ತಮೂರು ಇವೆ. ಅನ್ನ ಕುದಿಯುವುದರೊಳಗೆ ಹದಿನೈದು ಮುಗಿಯುತ್ತವೆ. ಉಳಿದ ಎಂಟಕ್ಕೆ ಅನ್ನ ತಳ ಹಿಡಿಯುತ್ತದೆ.